ಟರ್ಬೊ ಹಾಕಿಸೋದಾ, ಇರೋ ಎಂಜಿನ್ನೇ ಸುಧಾರಿಸೋದಾ? ದುಡ್ಡು ಬಿಚ್ಚುವ ಮೊದಲು ನೋಡಬೇಕಾದ್ದು

2008ರ ಕೊನೆಯಿಂದ 2013ರವರೆಗೆ ಬಂದ ಹೋಂಡಾ ಸಿಟಿ ಐ-ವಿಟೆಕ್ ಇಟ್ಟುಕೊಂಡವರು ಒಂದು ಕಡೆ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಇಟ್ಟುಕೊಂಡವರು ಇನ್ನೊಂದು ಕಡೆ. ಇಬ್ಬರೂ ಕೇಳುವುದು ಒಂದೇ: ಇನ್ನೂ ಸ್ವಲ್ಪ ಪವರ್ ಬೇಕು, ಏನು ಮಾಡಿಸಲಿ? ಪ್ರಶ್ನೆ ಒಂದೇ ಆದರೂ ಇಬ್ಬರಿಗೂ ಉತ್ತರ ಬೇರೆ. ಸಿಟಿಯದು ತಾನಾಗಿ ಗಾಳಿ ಎಳೆದುಕೊಳ್ಳುವ ಎಂಜಿನ್, ಅಂದರೆ ನ್ಯಾಚುರಲಿ ಆಸ್ಪಿರೇಟೆಡ್. ಎಲ್ಲರೂ ಎನ್‌ಎ ಅಂತಲೇ ಕರೆಯುತ್ತಾರೆ. ಪೋಲೊದಲ್ಲಿ ಕಂಪನಿಯೇ ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ಎಂಜಿನ್ ಒಳಗೆ ತುಂಬುವ ಸಾಧನ, ಕೂರಿಸಿ ಕಳಿಸಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ ಬರುತ್ತವೆ. ಟರ್ಬೊ ಕಾರಿದ್ದರೆ ಟರ್ಬೊದಿಂದಲೇ ಪವರ್ ತೆಗೆಯಿರಿ, ಅದು ಸುಲಭ ಮತ್ತು ಅಗ್ಗ. ಎನ್‌ಎ ಕಾರಿದ್ದರೆ ಪವರ್ ಹಿಂದೆ ಹೋಗಬೇಡಿ, ಆ ಕಾರನ್ನು ಚುರುಕು ಮಾಡಿ. ಎನ್‌ಎ ಕಾರಿಗೆ ಹೊರಗಿನಿಂದ ಟರ್ಬೊ ಕಿಟ್ ತಂದು ಹಾಕಿಸುವುದು ರೇಸಿಗೆ ಮಾತ್ರ ಇಟ್ಟುಕೊಂಡ ಕಾರಿಗೆ ಸರಿ. ದಿನಾ ಆಫೀಸಿಗೆ ಹೋಗುವ, ಹಬ್ಬಕ್ಕೆ ಮನೆಯವರನ್ನೆಲ್ಲ ಕೂರಿಸಿಕೊಂಡು ಊರಿಗೆ ಹೋಗುವ ಕಾರಿಗೆ ಬೇಡ.

ಮೊದಲ ಹೆಜ್ಜೆ: ನಿಮಗೆ ಎಲ್ಲಿ ಕಡಿಮೆ ಅನ್ನಿಸುತ್ತಿದೆ?

"ಪಿಕಪ್ ಸಾಲದು" ಅಂದರೆ ಸಾಲದು, ಯಾವ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುವಾಗ) ಸಾಲದು ಅಂತ ಗೊತ್ತಾಗಬೇಕು. ಒಂದು ವಾರ ನೀವು ಯಾವಾಗಲೂ ಓಡಿಸುವ ದಾರಿಯಲ್ಲೇ ಓಡಿಸಿ. ಕಾರು ಸೋಮಾರಿ ಅನ್ನಿಸಿದಾಗೆಲ್ಲ ಆರ್‌ಪಿಎಂ ತೋರಿಸುವ ಟ್ಯಾಕೊಮೀಟರ್ ಮೇಲೆ ಕಣ್ಣು ಹಾಯಿಸಿ. ಮುಳ್ಳು 1,500ರಿಂದ 3,000ದ ನಡುವೆ ಇದ್ದರೆ ನಿಮಗೆ ಬೇಕಿರುವುದು ಟಾರ್ಕ್, ಅಂದರೆ ತಿರುಗಿಸುವ ಬಲ. 5,000 ದಾಟಿದ ಮೇಲೆ ಉಸಿರು ಕಟ್ಟಿದ ಹಾಗಾದರೆ ಬೇಕಿರುವುದು ಮೇಲಿನ ಪವರ್. ಎರಡೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ.

ಈಗ ಲೆಕ್ಕ ನೋಡಿ. ಸಿಟಿ ಐ-ವಿಟೆಕ್‌ನ 1.5 ಲೀಟರ್ ಎಂಜಿನ್ 118 ಪಿಎಸ್ (ಪವರ್ ಅಳೆಯುವ ಮಾನ, ಹೆಚ್ಚುಕಡಿಮೆ ಹಾರ್ಸ್‌ಪವರ್) ಕೊಡುತ್ತದೆ, ಆದರೆ ಅದು ಸಿಗುವುದು 6,600 ಆರ್‌ಪಿಎಂಗೆ. ಅದರ ಪೂರ್ತಿ ಟಾರ್ಕ್ 146 ನ್ಯೂಟನ್ ಮೀಟರ್, ಅದೂ 4,800ಕ್ಕೆ. 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐದು ಬರೀ 1.2 ಲೀಟರ್, 105 ಪಿಎಸ್. ಕಾಗದದ ಮೇಲೆ ಪವರ್ ಕಡಿಮೆಯೇ. ಆದರೆ 175 ನ್ಯೂಟನ್ ಮೀಟರ್ ಟಾರ್ಕ್ 1,500ಕ್ಕೇ ಬಂದು 4,100ರವರೆಗೆ ಹಾಗೇ ನಿಲ್ಲುತ್ತದೆ. ಸಿಲ್ಕ್ ಬೋರ್ಡ್ ಹತ್ತಿರ ಸಿಗ್ನಲ್ ಬಿಟ್ಟಾಗ, ಶಿರಾಡಿಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡು ಒಂದೇ ಒಂದು ಚಿಕ್ಕ ಜಾಗ ಸಿಕ್ಕಾಗ, ಈ ಪೋಲೊ ಆಕ್ಸಿಲರೇಟರ್ ಒತ್ತಿದ ಕೂಡಲೇ ಮುಂದಕ್ಕೆ ಹೋಗುತ್ತದೆ. ಸಿಟಿಯಲ್ಲಿ ಎರಡು ಗೇರ್ ಇಳಿಸಿ, ಎಂಜಿನ್ ಕೂಗಿಸಿ ಹೋಗಬೇಕು. ಆ ಕೂಗು ಕೆಲವರಿಗೆ ಪ್ರಾಣ. ನನಗೂ ಇಷ್ಟ. ನಿಮಗೂ ಅದೇ ಇಷ್ಟವಾಗಿದ್ದರೆ ಟರ್ಬೊ ಹಾಕಿಸಿ ಅದನ್ನು ಕಳೆದುಕೊಳ್ಳುವುದು ಯಾಕೆ, ಅಲ್ವಾ?

ಗಾಳಿಯ ಲೆಕ್ಕ, ಮತ್ತು ಬೆಂಗಳೂರಿನ ಎತ್ತರ

ಎಂಜಿನ್ ಎಷ್ಟು ಗಾಳಿ ನುಂಗುತ್ತದೋ ಅಷ್ಟೇ ಪೆಟ್ರೋಲ್ ಸುಡಬಲ್ಲದು. ಎಲ್ಲ ಅಪ್‌ಗ್ರೇಡ್‌ಗಳ ಮೂಲ ಇದೇ. 1.5 ಲೀಟರ್ ಎಂಜಿನ್ 6,000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ 4,500 ಲೀಟರ್ ಗಾಳಿ ಎಳೆಯುತ್ತದೆ. ಎನ್‌ಎ ಎಂಜಿನ್‌ನಲ್ಲಿ ಗಾಳಿ ಜಾಸ್ತಿ ಮಾಡಲು ಮೂರೇ ದಾರಿ: ಇನ್ನೂ ವೇಗವಾಗಿ ತಿರುಗಿಸಬೇಕು, ಗಾಳಿ ಬರುವ ಹೋಗುವ ದಾರಿಯ ತಡೆ ಕಡಿಮೆ ಮಾಡಬೇಕು, ಇಲ್ಲವೇ ಎಂಜಿನ್ನೇ ದೊಡ್ಡದಾಗಬೇಕು. ಟರ್ಬೊ ಹಾಗಲ್ಲ. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ.

ಇಲ್ಲೊಂದು ವಿಷಯ ನಮ್ಮವರು ಗಮನಿಸುವುದೇ ಕಡಿಮೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇಕಡಾ 10ರಷ್ಟು ಕಡಿಮೆ. ಎನ್‌ಎ ಎಂಜಿನ್ ಅಷ್ಟೇ ಪವರನ್ನು ಕಳೆದುಕೊಳ್ಳುತ್ತದೆ, ಅದಕ್ಕೆ ಬೇರೆ ದಾರಿಯೇ ಇಲ್ಲ. ನಿಮ್ಮ 118 ಪಿಎಸ್ ಸಿಟಿ ಬೆಂಗಳೂರಿನಲ್ಲಿ ನಿಜವಾಗಿ 106ರ ಆಸುಪಾಸಿನ ಕಾರು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ದಾರಿ ಹತ್ತುತ್ತಾ ಹೋದರೆ ಕಳೆದುಕೊಳ್ಳುವುದು ಶೇಕಡಾ 20ರ ಹತ್ತಿರ ಹೋಗುತ್ತದೆ. ಟರ್ಬೊ ಕಾರಿನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮಾತ್ರ ಒತ್ತಡ ಕಡಿಮೆ ಇರುವುದನ್ನು ನೋಡಿ ಟರ್ಬೊವನ್ನು ಇನ್ನಷ್ಟು ಸುತ್ತಿಸಿ ಕೊರತೆ ತುಂಬಿಕೊಳ್ಳುತ್ತದೆ. ಚಿಕ್ಕಮಗಳೂರು, ಮಡಿಕೇರಿ ಕಡೆಯ ಏರಿನಲ್ಲಿ ಚಿಕ್ಕ ಟರ್ಬೊ ಕಾರುಗಳು ಅಷ್ಟು ಸಲೀಸಾಗಿ ಹೋಗುವುದಕ್ಕೆ ಅರ್ಧ ಕಾರಣ ಇದು. ಮಂಗಳೂರು, ಉಡುಪಿ, ಕಾರವಾರದವರಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ.

ಎರಡನೇ ಹೆಜ್ಜೆ: ಎಂಜಿನ್ ಆರೋಗ್ಯ ನೋಡಿ

ಏನನ್ನೂ ಕೊಳ್ಳುವ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ, ಸಿಲಿಂಡರ್ ಒಳಗೆ ಎಷ್ಟು ಒತ್ತಡ ನಿಲ್ಲುತ್ತದೆ ಅಂತ ಅಳೆಯುವುದು ಅದು. ನಾಲ್ಕೂ ಸಿಲಿಂಡರ್‌ಗಳ ಅಂಕಿ ಒಂದಕ್ಕೊಂದು ಶೇಕಡಾ 10ರೊಳಗೆ ಇರಬೇಕು. ಒಂದು ಸಿಲಿಂಡರ್ ತೀರಾ ಕಡಿಮೆ ತೋರಿಸಿದರೆ ಅಪ್‌ಗ್ರೇಡ್ ಮಾತು ಅಲ್ಲಿಗೇ ನಿಲ್ಲಿಸಿ, ಮೊದಲು ರಿಪೇರಿ. ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಏರ್ ಫಿಲ್ಟರ್, ಎಂಜಿನ್ ಮೌಂಟ್, ಕ್ಲಚ್ ಇವನ್ನೂ ನೋಡಿಸಿ. ಟರ್ಬೊ ಕಾರಾದರೆ ಬೂಸ್ಟ್ (ಟರ್ಬೊ ಒತ್ತುವ ಗಾಳಿ) ಪೈಪುಗಳಲ್ಲಿ ಸೋರಿಕೆ ಇದೆಯಾ, ಟರ್ಬೊ ಶಾಫ್ಟ್ ಅಲ್ಲಾಡುತ್ತಾ, ಆ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಪೈಪಿನಲ್ಲಿ ಎಣ್ಣೆ ನಿಂತಿದೆಯಾ ಅಂತ ನೋಡಿ. 80 ಸಾವಿರ ಕಿಲೋಮೀಟರ್ ಓಡಿದ ಕಾರಿನಲ್ಲಿ ಹಳೇ ಪ್ಲಗ್, ಕೊಳೆ ಹಿಡಿದ ಥ್ರಾಟಲ್ ಬಾಡಿ ಇವನ್ನು ಸರಿಮಾಡಿದರೇ ಕಳೆದುಹೋದ ಪಿಕಪ್ ಎಷ್ಟೋ ಸಲ ವಾಪಸ್ ಬರುತ್ತದೆ. ಆಗ ಮುಂದಿನ ಖರ್ಚೇ ಬೇಡ ಅನ್ನಿಸಬಹುದು.

ಮೂರನೇ ಹೆಜ್ಜೆ: ಎನ್‌ಎ ಕಾರಿದ್ದರೆ ಹೀಗೆ ಹೋಗಿ

ಎನ್‌ಎ ಎಂಜಿನ್‌ನಿಂದ ಪವರ್ ತೆಗೆಯುವುದು ನಿಧಾನದ, ದುಬಾರಿಯ ಕೆಲಸ. ಬರೀ ಏರ್ ಫಿಲ್ಟರ್ ಬದಲಿಸಿದರೆ ಸಿಗುವುದು ಒಂದೆರಡು ಪಿಎಸ್. ಶಬ್ದ ಜಾಸ್ತಿ ಆಗುತ್ತದೆ, ಅದರಿಂದ ಕಾರು ಜೋರಾಗಿದೆ ಅನ್ನಿಸುತ್ತದೆ, ಅಷ್ಟೆ. ಬಾನೆಟ್ ಒಳಗೆ ತೆರೆದ ಕೋನ್ ಫಿಲ್ಟರ್ ಹಾಕಿಸಿದರೆ ಅದು ಎಂಜಿನ್ನಿನ ಬಿಸಿ ಗಾಳಿಯನ್ನೇ ಎಳೆದು ಇದ್ದ ಪವರನ್ನೂ ಕಳೆಯಬಹುದು. ಕಂಪನಿಯ ಫಿಲ್ಟರ್ ಡಬ್ಬಿ ಹೊರಗಿನ ತಣ್ಣನೆಯ ಗಾಳಿ ಎಳೆಯುವ ಹಾಗೆ ಮಾಡಿರುತ್ತಾರೆ, ಅದನ್ನು ಹಾಗೇ ಬಿಟ್ಟು ಒಳಗಿನ ಫಿಲ್ಟರ್ ಮಾತ್ರ ಬದಲಿಸಿ.

ಇದಾದ ಮೇಲೆ ಹೆಡರ್. ನಾಲ್ಕು ಸಿಲಿಂಡರ್‌ಗಳ ಹೊಗೆ ಒಂದನ್ನೊಂದು ತಡೆಯದೆ ಹೊರಗೆ ಹೋಗುವ ಹಾಗೆ ಉದ್ದ ಅಳೆದು ಮಾಡಿದ ಪೈಪುಗಳು. ರಸ್ತೆ ಕಾರಿಗೆ ನಾಲ್ಕು ಪೈಪು ಎರಡಾಗಿ, ಎರಡು ಒಂದಾಗುವ ನಮೂನೆ ಒಳ್ಳೆಯದು. ಅದು ನಡುವಿನ ಆರ್‌ಪಿಎಂನಲ್ಲಿ ಟಾರ್ಕ್ ಉಳಿಸುತ್ತದೆ. ನಾಲ್ಕೂ ನೇರವಾಗಿ ಒಂದಾಗುವುದು ಮೇಲಿನ ಆರ್‌ಪಿಎಂಗೆ, ಟ್ರ್ಯಾಕ್ ಕಾರಿಗೆ. ಹೆಡರ್, ಸ್ವಲ್ಪ ದೊಡ್ಡ ಪೈಪಿನ ಎಕ್ಸಾಸ್ಟ್, ಇವೆರಡಕ್ಕೂ ಹೊಂದುವ ಇಸಿಯು ರಿಮ್ಯಾಪ್ (ಅದರ ಸಾಫ್ಟ್‌ವೇರ್ ಬದಲಿಸುವುದು) ಎಲ್ಲ ಸೇರಿದರೆ 1.5 ಲೀಟರ್ ಎಂಜಿನ್‌ನಲ್ಲಿ 8ರಿಂದ 12 ಪಿಎಸ್ ನಿರೀಕ್ಷಿಸಬಹುದು. ಇದಕ್ಕೇ 70 ಸಾವಿರದಿಂದ ಲಕ್ಷದವರೆಗೆ ಆಗುತ್ತದೆ. ಅಂದರೆ ಬೆಂಗಳೂರಿನ ಎತ್ತರ ಕಿತ್ತುಕೊಂಡಿದ್ದನ್ನು ನೀವು ಲಕ್ಷ ಕೊಟ್ಟು ವಾಪಸ್ ತಂದ ಹಾಗೆ. ಇದು ಸಾಕಾ ಅಂತ ನೀವೇ ಯೋಚಿಸಿ.

ವಾಲ್ವ್ ತೆರೆಯುವ ಕ್ಯಾಮ್ ಬದಲಿಸುವುದು, ಹೆಡ್ ಪೋರ್ಟಿಂಗ್ (ಹೆಡ್‌ನಲ್ಲಿ ಗಾಳಿ ಹೋಗುವ ದಾರಿ ಉಜ್ಜಿ ಸರಿಮಾಡುವುದು), ಲೇತ್‌ನಲ್ಲಿ ಹೆಡ್ ಉಜ್ಜಿಸಿ ಕಂಪ್ರೆಷನ್ ಏರಿಸುವುದು ಇವೆಲ್ಲ ಮುಂದಿನ ಮಟ್ಟ. ಇಲ್ಲಿ ಪವರ್ ಬರುತ್ತದೆ, ಆದರೆ ಬರುವುದು ಮೇಲಿನ ಆರ್‌ಪಿಎಂನಲ್ಲಿ. ಕೆಳಗಿನ ಟಾರ್ಕ್ ಸ್ವಲ್ಪ ಹೋಗುತ್ತದೆ, ಐಡ್ಲಿಂಗ್ ನಡುಗುತ್ತದೆ, ಟ್ರಾಫಿಕ್‌ನಲ್ಲಿ ಕಾರು ಕಿರಿಕಿರಿ ಮಾಡುತ್ತದೆ. ಎನ್‌ಎ ಹಾದಿಯ ತುದಿ ಹೇಗಿರುತ್ತದೆ ಅಂತ ನೋಡಬೇಕಾದರೆ 1999ರಲ್ಲಿ ಬಂದ ಹೋಂಡಾ ಎಸ್2000 ನೋಡಿ. ನಮ್ಮಲ್ಲಿ ಅದು ಮಾರಾಟಕ್ಕೆ ಬರಲಿಲ್ಲ. 2 ಲೀಟರ್, ಟರ್ಬೊ ಇಲ್ಲದೆ 240ರ ಆಸುಪಾಸು ಪವರ್, 9,000ದವರೆಗೆ ತಿರುಗುವ ಎಂಜಿನ್. ಅದ್ಭುತ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೂ ಅದರ ಟಾರ್ಕ್ 208 ನ್ಯೂಟನ್ ಮೀಟರ್‌ನ ಆಸುಪಾಸಿಗೇ ನಿಂತಿತು. ಈಗಿನ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿಯ 1.5 ಟರ್ಬೊ 250 ಕೊಡುತ್ತದೆ. ಹೋಂಡಾದ ಎಂಜಿನಿಯರ್‌ಗಳಿಗೇ ಟರ್ಬೊ ಇಲ್ಲದೆ ಕೆಳಗಿನ ಟಾರ್ಕ್ ತರಲು ಆಗಲಿಲ್ಲ ಅಂದ ಮೇಲೆ ಗ್ಯಾರೇಜಿನವರು ಹೇಗೆ ತರುತ್ತಾರೆ? 2015ರಿಂದ ಸಿವಿಕ್ ಟೈಪ್ ಆರ್ ಕೂಡ ಟರ್ಬೊ ಆಯಿತು.

ಹಾಗಂತ ಎಲ್ಲರೂ ಟರ್ಬೊ ಕಡೆ ಹೋಗಲಿಲ್ಲ. ಟೊಯೊಟಾ ಮತ್ತು ಸುಬಾರು ಸೇರಿ ಮಾಡಿದ 86ಗೆ ಟರ್ಬೊ ಹಾಕಿ ಅಂತ ಜನ ವರ್ಷಗಟ್ಟಲೆ ಕೇಳಿದರು. ಹೊಸ ಜಿಆರ್86ನಲ್ಲಿ ಅವರು ಟರ್ಬೊ ಹಾಕಲಿಲ್ಲ, ಎಂಜಿನ್ನನ್ನೇ 2.0ಯಿಂದ 2.4 ಲೀಟರ್‌ಗೆ ದೊಡ್ಡದು ಮಾಡಿದರು. ಟಾರ್ಕ್ 205ರಿಂದ 250ಕ್ಕೆ ಏರಿತು, ಅದೂ 3,700 ಆರ್‌ಪಿಎಂಗೇ ಸಿಗುವ ಹಾಗೆ. ಕಾಲಿನ ಕೆಳಗೆ ತಕ್ಷಣದ ಸ್ಪಂದನೆ ಉಳಿಯಿತು. ಆಕ್ಸಿಲರೇಟರ್ ಎಷ್ಟು ಒತ್ತಿದಿರೋ ಅಷ್ಟೇ, ಒತ್ತಿದ ಗಳಿಗೆಯಲ್ಲೇ ಬರುವ ಪವರ್ ತಿರುವಿನ ಮಧ್ಯೆ ಕೊಡುವ ನಂಬಿಕೆಯೇ ಬೇರೆ. ಎನ್‌ಎ ಕಾರನ್ನು ಪ್ರೀತಿಸುವವರು ಪ್ರೀತಿಸುವುದು ಇದಕ್ಕೆ.

ಅದಕ್ಕೇ ಎನ್‌ಎ ಕಾರಿಗೆ ನನ್ನ ಸಲಹೆ: ಆ ಲಕ್ಷವನ್ನು ಎಂಜಿನ್ ಬಿಟ್ಟು ಬೇರೆ ಕಡೆ ಹಾಕಿ. ಒಳ್ಳೆಯ ಟೈರ್, ಹಗುರ ಅಲಾಯ್ ವೀಲ್, ಹೊಸ ಶಾಕ್ ಅಬ್ಸಾರ್ಬರ್, ಹೊಸ ಬುಶ್‌ಗಳು, ಚೆನ್ನಾಗಿರುವ ಬ್ರೇಕ್ ಪ್ಯಾಡ್. ಡಿಕ್ಕಿಯಲ್ಲಿ ಸುಮ್ನೆ ಬಿದ್ದಿರುವ ಸಾಮಾನು, ದೊಡ್ಡ ಸಬ್ ವೂಫರ್ ಡಬ್ಬಿ ಇವನ್ನು ತೆಗೆಯಿರಿ. 1,100 ಕಿಲೋ ಕಾರಿನಲ್ಲಿ 50 ಕಿಲೋ ಇಳಿಸಿದರೆ ವೇಗ ಏರಿಸುವಾಗ ಅದು 5 ಪಿಎಸ್ ಸೇರಿಸಿದ್ದಕ್ಕೆ ಸಮ, ಬ್ರೇಕ್ ಹಾಕುವಾಗಲೂ ತಿರುವಿನಲ್ಲೂ ಲಾಭವೇ. ಚಾರ್ಮಾಡಿಯ ತಿರುವುಗಳಲ್ಲಿ ಇಂಥ ಸಿಟಿಯೊಂದು ಎಷ್ಟು ಖುಷಿ ಕೊಡುತ್ತದೆ ಅನ್ನುವುದು ಓಡಿಸಿದರೇ ಗೊತ್ತಾಗುವುದು.

ನಾಲ್ಕನೇ ಹೆಜ್ಜೆ: ಕಂಪನಿ ಟರ್ಬೊ ಇದ್ದರೆ

ಇಲ್ಲಿ ಕೆಲಸ ಸುಲಭ. ಕಂಪನಿಯವರು ಎಂಜಿನ್‌ನಲ್ಲಿ ಒಂದಿಷ್ಟು ಶಕ್ತಿ ಹಿಡಿದಿಟ್ಟಿರುತ್ತಾರೆ. ಕೆಟ್ಟ ಪೆಟ್ರೋಲ್, ಬಿರು ಬೇಸಿಗೆ, ಸರ್ವಿಸ್ ತಪ್ಪಿಸುವ ಮಾಲೀಕ ಎಲ್ಲರನ್ನೂ ಲೆಕ್ಕಕ್ಕೆ ಹಿಡಿದು ಮಾಡಿದ ಟ್ಯೂನಿಂಗ್ ಅದು. ಫಿಯೆಟ್ ತನ್ನ 1.4 ಲೀಟರ್ ಟಿ-ಜೆಟ್ ಎಂಜಿನ್ನನ್ನು ಲೀನಿಯಾದಲ್ಲಿ 114 ಪಿಎಸ್‌ಗೆ ಕೊಟ್ಟಿತು, 2015ರ ಪುಂಟೊ ಅಬಾರ್ತ್‌ನಲ್ಲಿ ಅದೇ ಅಳತೆಯ ಎಂಜಿನ್ 145 ಪಿಎಸ್ ಕೊಟ್ಟಿತು. ಟರ್ಬೊ ಎಂಜಿನ್‌ನಲ್ಲಿ ಎಷ್ಟು ಜಾಗ ಇರುತ್ತದೆ ಅನ್ನಲು ಇದಕ್ಕಿಂತ ಸಾಕ್ಷಿ ಬೇಕಾ?

ಮೊದಲ ಸ್ಟೇಜ್ ಅಂದರೆ ಬರೀ ಸಾಫ್ಟ್‌ವೇರ್. ಬೂಸ್ಟ್, ಇಂಧನ, ಇಗ್ನಿಷನ್ ಟೈಮಿಂಗ್ ಬದಲಿಸುತ್ತಾರೆ. ಖರ್ಚು ಸಾಮಾನ್ಯವಾಗಿ 25ರಿಂದ 50 ಸಾವಿರ, ಪವರ್ ಶೇಕಡಾ 20ರಿಂದ 30 ಜಾಸ್ತಿ. ಎನ್‌ಎ ಕಾರಿನಲ್ಲಿ ಲಕ್ಷ ಖರ್ಚು ಮಾಡಿದರೂ ಇಷ್ಟು ಬರುವುದಿಲ್ಲ. ಎರಡನೇ ಸ್ಟೇಜ್‌ನಲ್ಲಿ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಗೊಯ್ಯುವ ಪೈಪು), ದೊಡ್ಡ ಇಂಟರ್‌ಕೂಲರ್, ಇನ್‌ಟೇಕ್ ಬರುತ್ತವೆ. ಮೂರನೆಯದರಲ್ಲಿ ಟರ್ಬೊವನ್ನೇ ಬದಲಿಸುತ್ತಾರೆ. ರಸ್ತೆ ಕಾರಿಗೆ ಮೊದಲ ಸ್ಟೇಜ್ ಮಾಡಿಸಿ ಅಲ್ಲಿಗೇ ನಿಲ್ಲಿಸಿ. ಅದರ ಜೊತೆಗೆ ಇಂಟರ್‌ಕೂಲರ್ ಒಂದನ್ನು ದೊಡ್ಡದು ಹಾಕಿಸಿದರೆ ನಮ್ಮ ಬಿಸಿಲಿಗೆ ಒಳ್ಳೆಯದೇ, ಅದರಲ್ಲೂ ಕಲಬುರಗಿ, ರಾಯಚೂರು ಕಡೆ ಓಡಿಸುವವರಿಗೆ.

ಆದರೆ ಗೇರ್‌ಬಾಕ್ಸ್ ಮಿತಿ ಮರೆಯಬೇಡಿ. 1.2 ಲೀಟರ್ ಪೋಲೊ ಜಿಟಿ ಟಿಎಸ್‌ಐನಲ್ಲಿರುವುದು ಡಿಕ್ಯು200 ಅನ್ನುವ 7 ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್), ಒಣ ಕ್ಲಚ್‌ನದು. ಅದು ತಡೆಯುವ ಟಾರ್ಕ್ 250 ನ್ಯೂಟನ್ ಮೀಟರ್. 1.2 ಟಿಎಸ್‌ಐನ 175 ಅನ್ನು 220ರ ಹತ್ತಿರ ಏರಿಸಿದರೂ ಇನ್ನೂ ಸ್ವಲ್ಪ ಜಾಗ ಉಳಿಯುತ್ತದೆ. ವರ್ಟಸ್ 1.5 ಡಿಎಸ್‌ಜಿ ವಿಷಯ ಹಾಗಲ್ಲ. ಆ ಎಂಜಿನ್ ಕಂಪನಿಯಿಂದಲೇ 250 ಕೊಡುತ್ತದೆ, ಗೇರ್‌ಬಾಕ್ಸ್ ಅದೇ ಡಿಕ್ಯು200. ಅಲ್ಲಿ ರಿಮ್ಯಾಪ್ ಮಾಡಿಸಿದ ಮೊದಲ ದಿನವೇ ನೀವು ಮಿತಿ ದಾಟಿರುತ್ತೀರಿ. ಬೆಂಗಳೂರು ಟ್ರಾಫಿಕ್‌ನಲ್ಲಿ ತೆವಳುವಾಗ ಬಿಸಿಯಾಗುವ ಕ್ಲಚ್‌ಗೆ ಇದು ಇನ್ನಷ್ಟು ಭಾರ. ಅದರ ರಿಪೇರಿ ಬಿಲ್ ಲಕ್ಷದ ಮೇಲೆ ಹೋಗಬಹುದು.

ಇನ್ನೊಂದು ಅಪಾಯ ಕೆಳಗಿನ ಆರ್‌ಪಿಎಂನಲ್ಲಿದೆ. ಡೈರೆಕ್ಟ್ ಇಂಜೆಕ್ಷನ್ ಇರುವ ಚಿಕ್ಕ ಟರ್ಬೊ ಎಂಜಿನ್‌ಗಳಲ್ಲಿ ಕಡಿಮೆ ವೇಗಕ್ಕೆ ಭಾರಿ ಬೂಸ್ಟ್ ಬಿದ್ದಾಗ ಸ್ಪಾರ್ಕ್ ಬರುವ ಮೊದಲೇ ಮಿಶ್ರಣ ಹತ್ತಿಕೊಳ್ಳುವುದುಂಟು. ಒಂದೇ ಏಟಿಗೆ ಪಿಸ್ಟನ್ ಒಡೆಯಬಹುದು. ಇದಕ್ಕೆಂದೇ ಎಂಜಿನ್ ಆಯಿಲ್‌ಗೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಕೊಡುವ ಎಸ್‌ಎನ್ ಪ್ಲಸ್, ಆಮೇಲೆ 2020ರಲ್ಲಿ ಎಸ್‌ಪಿ ಅನ್ನುವ ದರ್ಜೆ ಬಂತು. ಡಬ್ಬಿಯ ಮೇಲೆ ಎಸ್‌ಪಿ ಇದೆಯಾ, ನಿಮ್ಮ ಕಾರಿನ ಕಂಪನಿ ಹೇಳಿದ ದರ್ಜೆಗೂ ಹೊಂದುತ್ತದೆಯಾ ಅಂತ ನೋಡಿ ಕೊಳ್ಳಿ. ರಿಮ್ಯಾಪ್ ಆದ ಮೇಲೆ 1,500 ಆರ್‌ಪಿಎಂನಲ್ಲಿ ಮೇಲಿನ ಗೇರ್ ಇಟ್ಟು ಪೂರ್ತಿ ಆಕ್ಸಿಲರೇಟರ್ ಒತ್ತುವ ಅಭ್ಯಾಸ ಬಿಡಿ, ಒಂದು ಗೇರ್ ಇಳಿಸಿ.

ಎನ್‌ಎ ಕಾರಿಗೆ ಟರ್ಬೊ ಕಿಟ್: ಇಲ್ಲಿ ನಿಧಾನವಾಗಿ ಓದಿ

ಅತಿ ಹೆಚ್ಚು ದುಡ್ಡು ಮುಳುಗುವುದು ಇಲ್ಲೇ. "ಟರ್ಬೊ ಒಂದು 40 ಸಾವಿರಕ್ಕೆ ಸಿಗುತ್ತೆ, ಮ್ಯಾನಿಫೋಲ್ಡ್ ಮಾಡಿಸಿದರೆ ಆಯ್ತು" ಅನ್ನುವವರು ಸಿಗುತ್ತಾರೆ. ನಂಬಬೇಡಿ.

ಎನ್‌ಎ ಎಂಜಿನ್‌ಗೆ ಕಂಪ್ರೆಷನ್ ರೇಷಿಯೊ (ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಅನ್ನುವ ಅಂಕಿ) ಜಾಸ್ತಿ ಇಟ್ಟಿರುತ್ತಾರೆ. ನಮ್ಮಲ್ಲಿ ಬಂದ ಸಿವಿಕ್ 1.8ರದು 10.5, ಮೊದಲ ಟೊಯೊಟಾ 86ದು 12.5. ಗಾಳಿ ತಾನಾಗಿ ಬರುವುದರಿಂದ ಅದನ್ನು ಬಿಗಿಯಾಗಿ ಒತ್ತಿದರೆ ಮಾತ್ರ ಒಳ್ಳೆಯ ಪವರ್, ಒಳ್ಳೆಯ ಮೈಲೇಜ್. ಈಗ ಅದೇ ಸಿಲಿಂಡರ್‌ಗೆ ಟರ್ಬೊ ಮೊದಲೇ ಒತ್ತಿದ ಗಾಳಿ ತುಂಬುತ್ತದೆ. ಪಿಸ್ಟನ್ ಅದನ್ನು ಮತ್ತೆ ಅಷ್ಟೇ ಬಿಗಿಯಾಗಿ ಒತ್ತುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. 30 ಡಿಗ್ರಿ ಗಾಳಿಯನ್ನು 0.8 ಬಾರ್ ಬೂಸ್ಟ್‌ಗೆ ಒತ್ತಿದರೆ ಟರ್ಬೊದಿಂದ ಹೊರಬರುವಾಗ ಅದು 100 ಡಿಗ್ರಿ ದಾಟಿರುತ್ತದೆ. ಒಳ್ಳೆಯ ಇಂಟರ್‌ಕೂಲರ್ ಇಲ್ಲದಿದ್ದರೆ ಆ ಬಿಸಿಯೆಲ್ಲ ಸಿಲಿಂಡರ್ ಒಳಗೇ. ಆಗ ನಾಕಿಂಗ್ ಶುರುವಾಗುತ್ತದೆ: ಮಿಶ್ರಣ ಹದವಾಗಿ ಉರಿಯುವ ಬದಲು ಅಲ್ಲಲ್ಲಿ ಸಿಡಿಯುತ್ತದೆ. ಪಿಸ್ಟನ್ ರಿಂಗಿನ ಅಂಚು ಮುರಿಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಕೊನೆಗೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಇದನ್ನು ತಪ್ಪಿಸಲು ಬೇಕಾದವನ್ನು ನೋಡಿ. ಟರ್ಬೊ ಮತ್ತು ಅದನ್ನು ಎಂಜಿನ್‌ಗೆ ಸೇರಿಸುವ ಎರಕದ ಅಥವಾ ದಪ್ಪ ಸ್ಟೀಲಿನ ಮ್ಯಾನಿಫೋಲ್ಡ್. ಬೂಸ್ಟ್ ಮಿತಿಯಲ್ಲಿಡುವ ವೇಸ್ಟ್‌ಗೇಟ್. ಇಂಟರ್‌ಕೂಲರ್, ಅದಕ್ಕೆ ಪೈಪುಗಳು. ಆಕ್ಸಿಲರೇಟರ್ ಬಿಟ್ಟಾಗ ಒತ್ತಿದ ಗಾಳಿ ಹೊರಬಿಡುವ ಬ್ಲೋ ಆಫ್ ವಾಲ್ವ್. ಟರ್ಬೊಗೆ ಎಂಜಿನ್ ಆಯಿಲ್ ಹೋಗುವ ಲೈನ್, ಮತ್ತು ಅಲ್ಲಿಂದ ಆಯಿಲ್ ತಾನಾಗಿ ಇಳಿದು ಎಂಜಿನ್ ತಳದ ಆಯಿಲ್ ಸಂಪ್‌ಗೆ ಬರುವಷ್ಟು ದಪ್ಪದ ವಾಪಸು ಲೈನ್. ಈ ವಾಪಸು ಲೈನ್ ಸಣ್ಣದಾದರೆ ಅಥವಾ ಡೊಂಕಾದರೆ ಟರ್ಬೊ ಸೀಲಿನಿಂದ ಆಯಿಲ್ ಸೋರಿ ನೀಲಿ ಹೊಗೆ ಬರುತ್ತದೆ. ದೊಡ್ಡ ಇಂಜೆಕ್ಟರ್‌ಗಳು, ದೊಡ್ಡ ಪೆಟ್ರೋಲ್ ಪಂಪು. ಬೂಸ್ಟ್ ಅರ್ಥಮಾಡಿಕೊಳ್ಳುವ ಮ್ಯಾಪ್ ಸೆನ್ಸರ್ ಮತ್ತು ಸ್ಟಾಂಡ್ ಅಲೋನ್ (ಪೂರ್ತಿ ಬೇರೆ) ಅಥವಾ ಪಿಗ್ಗಿಬ್ಯಾಕ್ (ಇರುವುದಕ್ಕೇ ಜೋಡಿಸುವ) ಇಸಿಯು. ಒಂದು ಹಂತ ತಣ್ಣನೆಯ ಸ್ಪಾರ್ಕ್ ಪ್ಲಗ್, ಅದರ ಗ್ಯಾಪ್ ಕಡಿಮೆ ಮಾಡಿ. ಗಟ್ಟಿ ಕ್ಲಚ್. ಬೂಸ್ಟ್ 0.4 ಬಾರ್ ದಾಟಿಸಬೇಕಾದರೆ ಕಡಿಮೆ ಕಂಪ್ರೆಷನ್‌ನ ಫೋರ್ಜ್ಡ್ ಪಿಸ್ಟನ್, ರಾಡ್, ಗಟ್ಟಿ ಹೆಡ್ ಬೋಲ್ಟುಗಳು. ಎಲ್ಲ ಸರಿಯಾಗಿ ಮಾಡಿದರೆ 3ರಿಂದ 6 ಲಕ್ಷ. ಆ ಸಿಟಿಯ ಸೆಕೆಂಡ್ ಹ್ಯಾಂಡ್ ಬೆಲೆಗಿಂತ ಜಾಸ್ತಿ.

ಇದನ್ನು ಅರ್ಧಂಬರ್ಧ ಮಾಡುವುದು ಪೂರ್ತಿ ಮಾಡುವುದಕ್ಕಿಂತ ದುಬಾರಿ, ಯಾಕೆಂದರೆ ಆಮೇಲೆ ಎಂಜಿನ್ನೂ ಕೊಳ್ಳಬೇಕಾಗುತ್ತದೆ. ಸಿಟಿ ಮಾರಿ, ಕಿಟ್‌ಗೆ ಇಟ್ಟ ಹಣ ಸೇರಿಸಿದರೆ ಒಳ್ಳೆಯ ಪೋಲೊ ಟಿಎಸ್‌ಐ ಅಥವಾ ಹ್ಯುಂಡೈ ಐ20 ಎನ್ ಲೈನ್ ಬರುತ್ತದೆ. ಎರಡರಲ್ಲೂ ಟರ್ಬೊಗೆಂದೇ ಕಟ್ಟಿದ ಎಂಜಿನ್ ಇದೆ.

ಪೆಟ್ರೋಲ್ ಮಾತು

ಎಥನಾಲ್ ಶೇಕಡಾ 20 ಬೆರೆತ ಪೆಟ್ರೋಲ್ ಈಗ ಎಲ್ಲ ಬಂಕಿನಲ್ಲೂ ಇದೆ. ಎಥನಾಲ್ ನಾಕಿಂಗ್ ತಡೆಯುವ ಗುಣದಲ್ಲಿ ಪೆಟ್ರೋಲ್‌ಗಿಂತ ಮೇಲು, ಸಿಲಿಂಡರ್ ಒಳಗೆ ತಣ್ಣಗೂ ಮಾಡುತ್ತದೆ, ಟರ್ಬೊಗೆ ಇದು ಒಳ್ಳೆಯದೇ. ತೊಂದರೆ ಬೇರೆ ಕಡೆ. ಶುದ್ಧ ಪೆಟ್ರೋಲ್‌ಗೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ, ಈ ಮಿಶ್ರಣಕ್ಕೆ 13.5ರಷ್ಟು ಸಾಕು. ಅಂದರೆ ಅದೇ ಗಾಳಿಗೆ ಶೇಕಡಾ 9ರಷ್ಟು ಜಾಸ್ತಿ ಇಂಧನ ಸುರಿಯಬೇಕು. ಟ್ಯೂನ್ ಆದ ಕಾರಿನಲ್ಲಿ ಇಂಜೆಕ್ಟರ್ ಈಗಾಗಲೇ ತುದಿ ಮುಟ್ಟಿದ್ದರೆ ಮೇಲಿನ ಆರ್‌ಪಿಎಂನಲ್ಲಿ ಮಿಶ್ರಣ ತೆಳುವಾಗುತ್ತದೆ, ಪೂರ್ತಿ ಬೂಸ್ಟ್‌ನಲ್ಲಿ ತೆಳು ಮಿಶ್ರಣ ಎಂಜಿನ್ ಕೊಲ್ಲುತ್ತದೆ. ಹಳೇ ಕಾರಾದರೆ ರಬ್ಬರ್ ಹೋಸ್‌ಗಳನ್ನೂ ನೋಡಿಸಿ. ರಿಮ್ಯಾಪ್ ಮಾಡಿಸುವಾಗ ನೀವು ದಿನಾ ಹಾಕಿಸುವ ಪೆಟ್ರೋಲನ್ನೇ ಹಾಕಿಸಿಕೊಂಡು ಹೋಗಿ. ನಾಕಿಂಗ್ ಹೆಚ್ಚು ತಡೆಯುವ ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95 ಅಥವಾ ಎಕ್ಸ್‌ಪಿ100ಗೆ ಟ್ಯೂನ್ ಮಾಡಿಸಿ ಆಮೇಲೆ ಊರ ಕಡೆಯ ಬಂಕಿನಲ್ಲಿ ಸಾದಾ ಪೆಟ್ರೋಲ್ ತುಂಬಿಸುವುದು ಅಪಾಯ.

ಐದನೇ ಹೆಜ್ಜೆ: ಟ್ಯೂನರ್ ಆರಿಸುವುದು

ನಿಮ್ಮದೇ ಎಂಜಿನ್, ನಿಮ್ಮದೇ ಗೇರ್‌ಬಾಕ್ಸ್ ಇರುವ ಕಾರುಗಳನ್ನು ಮಾಡಿದವರನ್ನೇ ಹುಡುಕಿ. ಮಾಡಿಸಿ ಎರಡು ವರ್ಷ ಓಡಿಸಿದ ಮಾಲೀಕರ ಜೊತೆ ಮಾತಾಡಿ. ಮೊದಲ ವಾರದ ಖುಷಿ ಎಲ್ಲರಿಗೂ ಇರುತ್ತದೆ, ಎರಡನೇ ವರ್ಷದ ಮಾತು ಮುಖ್ಯ. ನಿಮ್ಮ ಕಾರಿನಲ್ಲಿ ಡೇಟಾ ಲಾಗ್ ತೆಗೆದು ಬೂಸ್ಟ್, ಇಗ್ನಿಷನ್ ಟೈಮಿಂಗ್, ನಾಕ್ ತಿದ್ದುಪಡಿ, ಇನ್‌ಟೇಕ್ ಗಾಳಿಯ ಬಿಸಿ ತೋರಿಸುತ್ತಾರಾ ಕೇಳಿ. ಲ್ಯಾಪ್‌ಟಾಪ್ ತಂದು ಇಪ್ಪತ್ತು ನಿಮಿಷದಲ್ಲಿ ಫೈಲ್ ಹಾಕಿ ಹೋಗುವವರಿಗೆ ಬೇಡ ಅನ್ನಿ. ಕಂಪನಿಯ ಮೂಲ ಫೈಲಿನ ಪ್ರತಿ ನಿಮ್ಮ ಕೈಗೆ ಬರಲೇಬೇಕು.

ಡೈನೊ (ಕಾರಿನ ಪವರ್ ಅಳೆಯುವ ಯಂತ್ರ) ಕಾಗದ ತೋರಿಸಿದಾಗ ಒಂದು ಪ್ರಶ್ನೆ ಕೇಳಿ: ತಿದ್ದುಪಡಿ ಗುಣಾಂಕ ಎಷ್ಟು ಹಾಕಿದ್ದೀರಿ? ಎತ್ತರದ ಊರಿನಲ್ಲಿ ಅಳೆದ ಅಂಕಿಯನ್ನು ಸಮುದ್ರ ಮಟ್ಟಕ್ಕೆ ಹೊಂದಿಸಲು ಡೈನೊ ಸಾಫ್ಟ್‌ವೇರ್ ಒಂದಿಷ್ಟು ಸೇರಿಸುತ್ತದೆ. ಎನ್‌ಎ ಕಾರಿಗೆ ಅದು ಸರಿ, ಅದು ನಿಜವಾಗಿಯೂ ಕಳೆದುಕೊಂಡಿರುತ್ತದೆ. ಟರ್ಬೊ ಕಾರು ಕೊರತೆಯನ್ನು ತಾನೇ ತುಂಬಿಕೊಂಡಿರುವಾಗ ಮೇಲೆ ಇನ್ನೂ ಶೇಕಡಾ 10 ಸೇರಿಸಿದರೆ ಇಲ್ಲದ ಪವರ್ ಕಾಗದದ ಮೇಲೆ ಬರುತ್ತದೆ. ಅದಕ್ಕೇ ತಿದ್ದುಪಡಿ ಇಲ್ಲದ ಅಂಕಿ, ಅದೇ ಡೈನೊ ಮೇಲೆ ಮೊದಲು ಮತ್ತು ನಂತರ, ಎರಡನ್ನೂ ಕೇಳಿ. ಎತ್ತರದ ಇನ್ನೊಂದು ಪರಿಣಾಮವೂ ಇದೆ. ಬೆಂಗಳೂರಿನಲ್ಲಿ ಅಷ್ಟೇ ಪವರ್ ಕೊಡಲು ಟರ್ಬೊ ಹೆಚ್ಚು ಜೋರಾಗಿ ಸುತ್ತಬೇಕು. ಕರಾವಳಿಯಲ್ಲಿ ಹದವಾಗಿದ್ದ ಟ್ಯೂನ್ ಇಲ್ಲಿ ಟರ್ಬೊವನ್ನು ಮಿತಿಯ ಆಚೆ ತಳ್ಳಬಹುದು. ಕಾರು ಓಡುವ ಊರಿನಲ್ಲೇ ಟ್ಯೂನ್ ಮಾಡಿಸಿ.

ಕಾನೂನು, ವಿಮೆ, ವಾರಂಟಿ

ಇದನ್ನು ಬಿಟ್ಟು ಬರೆದರೆ ನಿಮಗೆ ಮೋಸ ಮಾಡಿದ ಹಾಗೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ನಿನಲ್ಲಿ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಇದೆ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಬೇಡಿ. ಹೊಗೆ ಪರೀಕ್ಷೆಗೂ ತೊಂದರೆ, ಊರಿನ ಗಾಳಿಗೂ ತೊಂದರೆ. ವಿಮೆ ಕಂಪನಿಗೆ ಬದಲಾವಣೆ ತಿಳಿಸದಿದ್ದರೆ ಅಪಘಾತವಾದಾಗ ಕ್ಲೇಮ್ ತಿರಸ್ಕರಿಸಲು ಅವರಿಗೆ ಕಾರಣ ಕೊಟ್ಟ ಹಾಗಾಗುತ್ತದೆ. ವಾರಂಟಿ ಇರುವ ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ರಿಮ್ಯಾಪ್ ಗೊತ್ತಾದರೆ ಟಿಡಿ1 ಅನ್ನುವ ಗುರುತು ಕಂಪನಿಯ ದಾಖಲೆಗೆ ಬೀಳುತ್ತದೆ. ಮೂಲ ಫೈಲ್ ವಾಪಸ್ ಹಾಕಿಸಿದರೂ ಆ ಗುರುತು ಹೋಗುವುದಿಲ್ಲ. ಪೂರ್ತಿ ವೇಗದ ಆಸೆ ಇದ್ದರೆ ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ ಅಥವಾ ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನ ಟ್ರ್ಯಾಕಿನಲ್ಲಿ ಟ್ರ್ಯಾಕ್ ಡೇ ನೋಡಿಕೊಂಡು ಹೋಗಿ. ನೈಸ್ ರಸ್ತೆ ಅದಕ್ಕಲ್ಲ, ಅಲ್ಲಿ ಬೇರೆಯವರ ಮಕ್ಕಳೂ ಇರುತ್ತಾರೆ.

ಕೊನೆಯ ಹೆಜ್ಜೆ: ಮಾಡಿಸಿದ ಮೇಲೆ

ಪವರ್ ಏರಿಸುವ ಮೊದಲೇ ಟೈರ್, ಬ್ರೇಕ್ ಪ್ಯಾಡ್, ಹೊಸ ಡಾಟ್ 4 ಬ್ರೇಕ್ ಫ್ಲೂಯಿಡ್ ಆಗಿರಬೇಕು. ಆಗುಂಬೆ ಇಳಿಯುವಾಗ ಹಳೇ ಫ್ಲೂಯಿಡ್ ಕುದಿದು ಪೆಡಲ್ ಮೆತ್ತಗಾದರೆ ಎಷ್ಟು ಪಿಎಸ್ ಇದ್ದೂ ಉಪಯೋಗವಿಲ್ಲ. ಟರ್ಬೊ ಕಾರಿನ ಆಯಿಲನ್ನು ರಿಮ್ಯಾಪ್ ಆದ ಮೇಲೆ ಕಂಪನಿ ಹೇಳಿದ ಅಂತರದ ಅರ್ಧಕ್ಕೇ ಬದಲಿಸಿ. ಘಾಟಿ ಹತ್ತಿ ಜೋರಾಗಿ ಓಡಿಸಿ ಬಂದ ಕೂಡಲೇ ಎಂಜಿನ್ ಆಫ್ ಮಾಡಬೇಡಿ. ಕೊನೆಯ ಎರಡು ಮೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ ಟರ್ಬೊ ತಣ್ಣಗಾಗಲು ಬಿಡಿ. ಮೊದಲ ಸಾವಿರ ಕಿಲೋಮೀಟರ್ ಪ್ರತಿ ವಾರ ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿ, ಕೂಲೆಂಟ್ ನೋಡಿ, ಕ್ಲ್ಯಾಂಪುಗಳ ಹತ್ತಿರ ಆಯಿಲ್ ಜಿನುಗಿದೆಯಾ ನೋಡಿ. ಚೆಕ್ ಎಂಜಿನ್ ದೀಪ ಮಿನುಗಿದರೆ ಆಕ್ಸಿಲರೇಟರ್‌ನಿಂದ ತಕ್ಷಣ ಕಾಲು ತೆಗೆದು, ಪಕ್ಕಕ್ಕೆ ನಿಲ್ಲಿಸಿ, ಟ್ಯೂನರ್‌ಗೆ ಫೋನ್ ಮಾಡಿ.